ಅವಧಾನಿಗಳ ನಿಷಾದ

ಬೇರೆ ಊರುಗಳಲ್ಲಿ ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರಂತೆ. ನಮ್ಮೂರಿನಲ್ಲಿ ಯಾರನ್ನೂ ಯಾರೂ ಅಷ್ಟೊಂದು ನೆನೆಸಿಕೊಳ್ಳುವುದಿಲ್ಲ. ನಮ್ಮಲ್ಲಿ ಬಿಕ್ಕಳಿಕೆ ಬಂತೆಂದರೆ ಹತ್ತಿರದಲ್ಲೆಲ್ಲೋ ಒಬ್ಬರು ಅಪಸ್ವರ ಹಾಡಿದರು ಎಂದೇ ಅರ್ಥ. ಸ್ವರ ಕೂದಲೆಳೆಯಷ್ಟು ಜಾರಿದರೂ ಸಾಕು, ಕೇಳಿದವರಿಗೆಲ್ಲ ಒಂದೊಂದು ಬಿಕ್ಕಳಿಕೆ. ಹಾಡಿದವರಿಗೆ ಮಾತ್ರ ಏನೂ ಆಗುವುದಿಲ್ಲ. ತಪ್ಪು ಮಾಡಿದವರು ಹಾಯಾಗಿದ್ದು ಉಳಿದವರು ಅನುಭವಿಸುವುದು ಎಲ್ಲ ಊರುಗಳಲ್ಲೂ ಇರುವ ಪದ್ಧತಿಯೇ ಆದ್ದರಿಂದ ನಾವು ಇದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ.

ಹೊಂದಿಕೊಂಡಿದ್ದೆವು, ಅಷ್ಟೆ. ಶಾಲೆಯಲ್ಲಿ ಪ್ರಾರ್ಥನೆಯನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದೆವು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುವ ಮೊದಲೇ ‘ಹುಡುಗಿ ಹಾಡೋದೇನೂ ಬೇಡಿ’ ಎಂದು ಹೇಳಿಬಿಡುತ್ತಿದ್ದರು. ಭಜನೆಯಲ್ಲಿ ತಾಳ ಹಾಕಲು ನಾ ಮುಂದು ತಾ ಮುಂದು ಎಂದು ಬರುವವರು ಹಾಡುವ ಸರದಿ ಬಂದಾಗ ಚಪ್ಪಲಿ ಹುಡುಕುತ್ತಿದ್ದರು. ಇಂಥ ಊರಿಗೆ ಸಂಗೀತ ಕಾಲೇಜು ಏಕೆ ಬೇಕಿತ್ತು ಎಂದು ಕೇಳಬೇಡಿ. ಹಿಂದೆ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದರು, ಅದೂ ಪೇಟೆಯ ನಟ್ಟನಡುವೆ. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಮೊದಲ ವರ್ಷದವರ ಸಾಧಕ, ಅಂದರೆ ಹಾಡಿ ಹಾಡಿ ಗಂಟಲು ಪಳಗಿಸುವ ಅಭ್ಯಾಸ. ಆ ಎರಡು ಗಂಟೆ ಊರಿನಲ್ಲಿ ಯಾರೂ ಬಿಸಿ ಕಾಫಿ ಕುಡಿಯುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸುತ್ತಿರಲಿಲ್ಲ, ಹಲ್ಲಿನ ಡಾಕ್ಟರು ಬಾಗಿಲನ್ನೇ ತೆರೆಯುತ್ತಿರಲಿಲ್ಲ.

ಕಾಲೇಜಿನ ಗೇಟಿಗೆ ಎದುರಾಗಿ ನಮ್ಮಪ್ಪ ತಿಮ್ಮರಾಯಪ್ಪನ ಕ್ಷೌರದಂಗಡಿ. ಅವನ ಕಷ್ಟ ನೀವೇ ಊಹಿಸಿಕೊಳ್ಳಿ. ಗಿರಾಕಿಗೂ ಅವನಿಗೂ ಒಟ್ಟಿಗೇ ಬಿಕ್ಕಳಿಕೆ ಬಂದರೆ ನಡುವೆ ಇರುವ ಕತ್ತಿ ಏನು ಮಾಡಬೇಕು? ಗಾಯಕ್ಕೆ ಉಜ್ಜುವ ಪಟಿಕ ನಮ್ಮ ಅಂಗಡಿಯಲ್ಲಿ ಸೋಪಿಗಿಂತ ಬೇಗ ಸವೆಯುತ್ತಿತ್ತು. ಅಪ್ಪ ಬಾಗಿಲಿಗೆ ಒಂದು ಬೋರ್ಡು ನೇತುಹಾಕಿದ್ದ: ‘ಏಳರಿಂದ ಒಂಬತ್ತು ಕತ್ತಿ ಹಿಡಿಯುವುದಿಲ್ಲ. ಕಾರಣ ಎದುರಿಗಿದೆ.’ ನಮ್ಮ ತಾತ ಮದುವೆಗಳಿಗೆ ನಾಗಸ್ವರ ಊದುತ್ತಿದ್ದನಂತೆ. ಒಂದು ಧಾರೆಯ ಹೊತ್ತಿನಲ್ಲಿ ಅವನ ಪೀಪಿ ಸೀಳಿ, ಮದುಮಗ ಬಿಕ್ಕಿ, ತಾಳಿಯ ಗಂಟು ತಪ್ಪಿ, ಆಮೇಲೆ ಊರೇ ಮೇಲೆ ಬಿದ್ದು ಬೈದ ಮೇಲೆ ತಾತ ನಾಗಸ್ವರವನ್ನು ಅಟ್ಟಕ್ಕೆ ಎಸೆದ. ಅಲ್ಲಿಂದ ನಮ್ಮ ಮನೆಗೆ ಸಂಗೀತವೆಂದರೆ ಸಂಬಂಧ ಮುರಿದುಕೊಂಡ ನೆಂಟರ ಹಾಗೆ.

ಅಂಥ ಅಂಗಡಿಗೆ ಪ್ರತಿ ಶುಕ್ರವಾರ ಒಂಬತ್ತೂವರೆಗೆ ಕಾಲೇಜಿನ ಪ್ರಿನ್ಸಿಪಾಲರಾದ ವಿದ್ವಾನ್ ಶ್ರೀಕಂಠ ಅವಧಾನಿಗಳು ಗಡ್ಡ ಮಾಡಿಸಿಕೊಳ್ಳಲು ಬರುತ್ತಿದ್ದರು. ನಲವತ್ತು ವರ್ಷ ಹಾಡಿದ್ದರೂ ಒಬ್ಬರನ್ನೂ ಒಂದು ಸಲವೂ ಬಿಕ್ಕಿಸಿದವರಲ್ಲ ಎಂಬುದು ಅವರ ಬಿರುದು. ಅವರೊಬ್ಬರಿಗೆ ಮಾತ್ರ ಅಪ್ಪ ಕುರ್ಚಿಯಲ್ಲಿ ಕೂತು ಗುನುಗುವ ಅನುಮತಿ ಕೊಟ್ಟಿದ್ದ. ಕತ್ತಿ ಕತ್ತಿನ ಮೇಲಿದ್ದಾಗಲೂ ಅವರು ಕಲ್ಯಾಣಿ ರಾಗವನ್ನು ಎಳೆಯುತ್ತಿದ್ದರು, ಅಪ್ಪ ಅದೇ ವೇಗದಲ್ಲಿ ಗಲ್ಲ ಇಳಿಯುತ್ತಿದ್ದ.

ನಾನು ಆಗ ಪಿಯುಸಿಯಲ್ಲಿ ಫೇಲಾಗಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಟವೆಲ್ ಹಿಂಡುತ್ತಿದ್ದೆ. ಒಂದು ಶುಕ್ರವಾರ ಕಾಲೇಜಿನಲ್ಲಿ ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಹಾಡಿ ನಮಗೆಲ್ಲ ಬಿಕ್ಕಳಿಕೆ ಬಂತು. ನಾನು ಒಳಗಿನಿಂದಲೇ, “ಅಪ್ಪಾ, ಇದು ನಿನ್ನೆಯೋನೇ. ಇವತ್ತೂ ಧೈವತದಲ್ಲೇ ಜಾರ್ದ,” ಎಂದೆ.

ಅವಧಾನಿಗಳು ನೊರೆ ಮೆತ್ತಿದ ಮುಖವನ್ನು ತಿರುಗಿಸಿದರು. “ಯಾರಯ್ಯ ಅದು ಒಳಗೆ?”

“ನನ್ನ ಮಗಳು ಸ್ವಾಮಿ, ಕೋಮಲ. ಬಾಯಿ ಜಾಸ್ತಿ.”

“ಧೈವತ ಅಂತ ಅವಳಿಗೆ ಯಾರು ಹೇಳಿಕೊಟ್ಟರು?”

“ನೀವೇ ಸಾರ್,” ಎಂದೆ ನಾನು ಟವೆಲ್ ಹಿಡಿದೇ ಹೊರಗೆ ಬಂದು. “ಹತ್ತು ವರ್ಷದಿಂದ ನಿಮ್ಮ ಕಿಟಕಿ ತೆಗೆದೇ ಇದೆ. ನೀವು ಬಯ್ಯೋದೆಲ್ಲ ಇಲ್ಲಿಗೆ ಕೇಳ್ಸುತ್ತೆ.”

ಮುಂದಿನ ಜೂನ್‌ನಲ್ಲಿ ನಾನು ಕಾಲೇಜಿಗೆ ಸೇರಿದೆ. ಅಪ್ಪ ಎರಡು ವಾರ ನನ್ನ ಜೊತೆ ಮಾತು ಬಿಟ್ಟ. ಮೂರನೆಯ ವಾರ ಸಾಧಕದಲ್ಲಿ ನಾನು ತಾರಸ್ಥಾಯಿಯಲ್ಲಿ ಬಿದ್ದಾಗ ಇಡೀ ಪೇಟೆ ಒಟ್ಟಿಗೆ ಬಿಕ್ಕಿತು. ಮನೆಗೆ ಬಂದ ಮೇಲೆ ಅಪ್ಪ, “ಗಂಟಲು ಯಾರದ್ದು ಅಂತ ನಂಗೆ ಗೊತ್ತಾಯ್ತು. ನಮ್ಮಪ್ಪಂದೇ,” ಎಂದ. ಮಾತು ಶುರುವಾಯಿತು.

ಮೊದಲ ವರ್ಷ ನಾಚಿಕೆ ಬಿಡುವುದನ್ನು ಕಲಿಯುವ ವರ್ಷ. ಬೀದಿಯಲ್ಲಿ ಹೋದರೆ ತರಕಾರಿ ಮಾರುವವಳು, “ಏನವ್ವ, ನೀನು ನಿನ್ನೆ ಗಾಂಧಾರ ತಪ್ಪಿದ್ದಕ್ಕೆ ನನ್ನ ತಕ್ಕಡಿ ಅಲ್ಲಾಡಿ ಅರ್ಧ ಕೆಜಿ ಬದನೆಕಾಯಿ ಜಾಸ್ತಿ ಹೋಯ್ತು,” ಅನ್ನುತ್ತಿದ್ದಳು. ನನ್ನ ಜೊತೆಗೆ ಪಿಟೀಲು ಕಲಿಯಲು ಸೇರಿದ್ದ ಫಿಲೋಮಿನಾಳ ಪಾಡು ಇನ್ನೂ ಕಷ್ಟ. ಗಂಟಲು ಒಂದು ಸ್ವರ ತಪ್ಪಿದರೆ ಪಿಟೀಲು ದಾರಿಯಲ್ಲಿ ಸಿಕ್ಕ ಸ್ವರಗಳನ್ನೆಲ್ಲ ಕರೆದುಕೊಂಡು ಹೋಗಿ ತಪ್ಪುತ್ತದೆ. ಅವಳು ಕಮಾನು ಎತ್ತಿದ ಕೂಡಲೇ ಹಾಸ್ಟೆಲಿನ ಅಡುಗೆಯವರು ಒಲೆಯಿಂದ ಪಾತ್ರೆ ಇಳಿಸಿಬಿಡುತ್ತಿದ್ದರು.

ಎರಡನೆಯ ವರ್ಷಕ್ಕೆ ಬಿಕ್ಕಳಿಕೆಗಳು ಕಡಿಮೆಯಾದವು. ಮೂರನೆಯ ವರ್ಷ ವಾಗ್ಗೇಯ ತರಗತಿ. ಮಾತನ್ನು ಬರೆದು ಅದಕ್ಕೆ ರಾಗ ಹಾಕಿ ನಮ್ಮದೇ ಕೀರ್ತನೆ ಕಟ್ಟುವುದು. ಇದನ್ನು ಅವಧಾನಿಗಳೇ ಹೇಳಿಕೊಡುತ್ತಿದ್ದರು. ನಮ್ಮ ಕೀರ್ತನೆಗಳನ್ನು ಕೇಳುವಾಗ ಅವರು ಕಣ್ಣು ಮುಚ್ಚಿರುತ್ತಿದ್ದರು. ಇಷ್ಟವಾಗದಿದ್ದರೆ ಮುಚ್ಚಿದ ಕಣ್ಣಿನಲ್ಲೇ, “ಇದರಲ್ಲಿ ದೇವರಿಗೆ ಹದಿನೆಂಟು ವಿಶೇಷಣ ಹಾಕಿದೀಯ. ಅಷ್ಟು ಹೊಗಳಿದ ಮೇಲೆ ಏನು ಕೇಳ್ತೀಯೋ ಅಂತ ಅವನಿಗೇ ಭಯ ಆಗ್ತಿದೆ,” ಅನ್ನುತ್ತಿದ್ದರು. ಇಷ್ಟವಾದರೆ ಏನೂ ಅನ್ನುತ್ತಿರಲಿಲ್ಲ. ಇಡೀ ವರ್ಷದಲ್ಲಿ ನನಗೆ ಅವರು ಏನೂ ಅನ್ನದೇ ಇದ್ದದ್ದು ಎರಡು ಸಲ. ಎರಡೂ ದಿನದ ತಾರೀಕು ನನಗೆ ಈಗಲೂ ನೆನಪಿದೆ.

ಆ ವರ್ಷದ ಆಷಾಢದ ಒಂದು ಶುಕ್ರವಾರ ಕಾಲೇಜಿಗೆ ರಜೆ ಇತ್ತು. ನಾನು ಅಂಗಡಿಯಲ್ಲಿ ಪೇಪರು ಓದುತ್ತಾ ಕೂತಿದ್ದೆ. ಅವಧಾನಿಗಳು ಕುರ್ಚಿಯಲ್ಲಿದ್ದರು. ಅಪ್ಪ ಕಿವಿಯ ಕೆಳಗೆ ಕತ್ತಿ ಇಟ್ಟಿದ್ದ. ಅವರು ಎಂದಿನಂತೆ ಕಲ್ಯಾಣಿಯನ್ನು ಮೆಲ್ಲಗೆ ಏರಿಸುತ್ತಾ ಪಂಚಮ ದಾಟಿ, ಧೈವತ ದಾಟಿ, ಏಳನೆಯ ಸ್ವರವಾದ ನಿಷಾದಕ್ಕೆ ಬಂದರು.

ನಾನು ಬಿಕ್ಕಿದೆ. ಅಪ್ಪ ಬಿಕ್ಕಿದ. ಅವಧಾನಿಗಳ ಕಿವಿಯ ಕೆಳಗೆ ಸಾಸಿವೆ ಕಾಳಿನಷ್ಟು ರಕ್ತ ಬಂತು.

“ಇವತ್ತು ರಜಾ ಅಲ್ವೇನೋ?” ಎಂದರು ಅವಧಾನಿಗಳು ಕಿಟಕಿಯ ಕಡೆ ನೋಡಿ. “ಯಾವ ದರಿದ್ರದವನು ಹಾಡ್ತಿರೋದು?”

ಅಪ್ಪ ಗಾಯಕ್ಕೆ ಪಟಿಕ ಒತ್ತಿದ. “ಯಾರೂ ಇಲ್ಲ ಸ್ವಾಮಿ. ನಾನು ಬೆಳಿಗ್ಗೆ ಮೆಣಸಿನಕಾಯಿ ಬಜ್ಜಿ ತಿಂದಿದ್ದೆ.”

“ಬೆಳಿಗ್ಗೆ ಎದ್ದು ಬಜ್ಜಿ ತಿಂತೀಯಲ್ಲಯ್ಯ. ಈ ವಯಸ್ಸಿನಲ್ಲಿ ಹೊಟ್ಟೆ ಏನಾಗಬೇಕು?”

ಅವರು ಹೋದ ಮೇಲೆ ಅಪ್ಪ ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯತೊಡಗಿದ.

“ಕೋಮಲಾ, ನೀನೇನೂ ಕೇಳ್ಸಿಕೊಳ್ಲಿಲ್ಲ.”

“ಬಿಕ್ಕಿದೆನಲ್ಲಪ್ಪ.”

“ನೀನೂ ಬಜ್ಜಿ ತಿಂದಿದ್ದೆ,” ಎಂದ ಅಪ್ಪ.

ನಾಲ್ಕು ದಿನದಲ್ಲಿ ನಮ್ಮ ತರಗತಿಯ ಹನ್ನೊಂದು ಜನರಿಗೂ ಗೊತ್ತಾಯಿತು. ಹದಿನೈದು ದಿನದಲ್ಲಿ ಊರಿಗೇ ಗೊತ್ತಾಯಿತು. ಅವಧಾನಿಗಳ ನಿಷಾದ ಕೆಳಗಿಳಿದಿದೆ. ಬಹಳವಲ್ಲ, ಒಂದು ನೂಲಿನಷ್ಟು. ಉಳಿದ ಆರು ಸ್ವರಗಳು ಕಲ್ಲಿನಲ್ಲಿ ಕೆತ್ತಿದ ಹಾಗೆಯೇ ಇದ್ದವು. ಈ ಸಂಗತಿ ಗೊತ್ತಿಲ್ಲದೆ ಉಳಿದವರು ಊರಿಗೆಲ್ಲ ಅವಧಾನಿಗಳೊಬ್ಬರೇ. ಯಾರು ಹೇಳಬೇಕು? ಯಾರೂ ಹೇಳಲಿಲ್ಲ. ಎದುರಿಗೆ ಬಿಕ್ಕದೇ ಇರುವ ಉಪಾಯಗಳನ್ನು ಹುಡುಕಿಕೊಂಡರು. ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಳ್ಳುವವರು ಕೆಲವರು, ಮೂಗು ಹಿಡಿದು ಏಳು ಎಣಿಸುವವರು ಕೆಲವರು. ನಮ್ಮ ತರಗತಿಯಲ್ಲಿ ಅವರು ಮೇಲಕ್ಕೆ ಹತ್ತುವ ಸೂಚನೆ ಕಂಡ ಕೂಡಲೇ ಫಿಲೋಮಿನಾ ಪಿಟೀಲಿನ ತಂತಿ ಸರಿಮಾಡುವ ನೆಪದಲ್ಲಿ ಕಿರ್ರೆನ್ನಿಸುತ್ತಿದ್ದಳು. ನಾವೆಲ್ಲ ಆ ನೆಪದಲ್ಲಿ ಬಿಕ್ಕಿ ಹಗುರಾಗುತ್ತಿದ್ದೆವು. ಪಾಪ, ಬೈಗುಳ ಅವಳಿಗೆ. ಸಂಜೆ ಅಂಗಡಿಯಲ್ಲಿ ಅಪ್ಪ ಕೇಳುತ್ತಿದ್ದ, “ಇವತ್ತು ಬಜ್ಜಿ ಎಷ್ಟು?”

“ಆರು.”

“ಮೊನ್ನೆ ನಾಲ್ಕಿತ್ತು,” ಎನ್ನುತ್ತಿದ್ದ ಅಪ್ಪ, ಕಾಯಿಲೆಯವರ ಜ್ವರ ಕೇಳಿದ ಹಾಗೆ.

ಇದು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಕಾಲೇಜಿನಲ್ಲಿ ಹೊರ ಊರುಗಳಿಂದ ಆಗತಾನೇ ಬಂದ ಮೊದಲ ವರ್ಷದ ಮಕ್ಕಳೂ ಇದ್ದರು. ಗೊತ್ತಿದ್ದ ನಾವು ಅವರು ಹಾಡಿದ್ದನ್ನು ಬಿಟ್ಟು ನಮಗೆ ಗೊತ್ತಿದ್ದುದನ್ನು ಹಾಡಿ ಪಾರಾಗುತ್ತಿದ್ದೆವು. ಹೊಸ ಮಕ್ಕಳಿಗೆ ಅವರ ಬಾಯಿಂದ ಬಂದದ್ದೇ ವೇದ. ಅವರ ನಿಷಾದಕ್ಕೆ ಬಿಕ್ಕಿದರೂ ಪಕ್ಕದವರ ತಪ್ಪಿಗೆ ಬಿಕ್ಕಿದೆವೆಂದೇ ತಿಳಿಯುತ್ತಿದ್ದರು, ಅವಧಾನಿಗಳೂ ಹಾಗೇ ತಿಳಿಯುತ್ತಿದ್ದರು. ಅವರು ನಿಷಾದ ಹೇಳಿಕೊಡುವರು, ಮಕ್ಕಳು ತದ್ವತ್ ಅದೇ ನಿಷಾದವನ್ನು ತಿರುಗಿ ಒಪ್ಪಿಸುವರು, ಅದನ್ನು ಕೇಳಿ ಅವಧಾನಿಗಳಿಗೇ ಬಿಕ್ಕಳಿಕೆ ಬರುವುದು. ಅವರು ಕೆಂಡವಾಗಿ, “ನಾನು ಹಾಡಿದ ಹಾಗೆ ಹಾಡ್ರೋ!” ಎಂದು ಮತ್ತೆ ಹಾಡುವರು. ಮಕ್ಕಳು ಇನ್ನೂ ಚೆನ್ನಾಗಿ ಅವರ ಹಾಗೇ ಹಾಡುವರು. ಅವರು ಇನ್ನೂ ಜೋರಾಗಿ ಬಿಕ್ಕುವರು.

ಆ ಮಕ್ಕಳಲ್ಲಿ ಬಸಲಿಂಗಿ ಎಂಬ ಹುಡುಗಿಯೊಬ್ಬಳಿದ್ದಳು. ಆ ತರಗತಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಕಿವಿ ಅವಳದು. ಕಿವಿ ಒಳ್ಳೆಯದಾದ್ದರಿಂದಲೇ ಎಲ್ಲರಿಗಿಂತ ನಿಖರವಾಗಿ ತಪ್ಪು ಹಾಡುತ್ತಿದ್ದಳು. ಅವಧಾನಿಗಳು ಒಂದು ದಿನ ಅವಳಿಗೆ, “ನಿನಗೆ ಸಂಗೀತ ಹತ್ತೋದಿಲ್ಲಮ್ಮ, ಮನೆಗೆ ಹೋಗು,” ಎಂದುಬಿಟ್ಟರು. ಸಂಜೆ ಅವಳು ಹಾಸ್ಟೆಲಿನ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದುದನ್ನು ನೋಡಿದೆ. ಅಳುತ್ತಿರಲಿಲ್ಲ. “ಅಕ್ಕ, ಅವರು ಹಾಡಿದ್ದನ್ನೇ ಹಾಡಿದೆ ಅಂತ ನಂಗೆ ಗ್ಯಾರಂಟಿ ಇದೆ. ಹಾಗಾದ್ರೆ ನನ್ನ ಕಿವೀನೇ ಕೆಟ್ಟಿರಬೇಕು ಅಲ್ವಾ?” ಎಂದು ಕೇಳಿದಳು.

ನಾನು ಅವಳ ಪೆಟ್ಟಿಗೆಯನ್ನು ಎತ್ತಿ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿದೆ. ಅದೊಂದೇ ನನಗೆ ತಕ್ಷಣಕ್ಕೆ ಹೊಳೆದದ್ದು. ಆಮೇಲೆ ದಿನಕ್ಕೊಂದು ಬಟ್ಟೆ ಮಾತ್ರ ತೆಗೆದುಕೊಡುತ್ತಿದ್ದೆ.

ಆ ವರ್ಷ ಅವಧಾನಿಗಳಿಗೆ ಎಪ್ಪತ್ತು ತುಂಬುತ್ತಿತ್ತು. ಮಾಘ ಮಾಸದಲ್ಲಿ ಕಾಲೇಜಿನ ಸಭಾಂಗಣದಲ್ಲಿ ಅವರ ಸನ್ಮಾನದ ಕಚೇರಿ ಎಂದು ತೀರ್ಮಾನವಾಗಿತ್ತು. ಅಂತಿಮ ವರ್ಷದವರಲ್ಲಿ ಒಬ್ಬರು ಕಟ್ಟಿದ ಕೀರ್ತನೆಯನ್ನು ಪ್ರಿನ್ಸಿಪಾಲರು ವಾರ್ಷಿಕ ಕಚೇರಿಯಲ್ಲಿ ಹಾಡುವುದು ಕಾಲೇಜಿನ ಸಂಪ್ರದಾಯ. ಯಾರ ಕೀರ್ತನೆಯನ್ನು ಹಾಡುತ್ತಾರೋ ಅವರು ಪರೀಕ್ಷೆಯಲ್ಲಿ ಪಾಸಾದ ಹಾಗೇ, ಅವರಿಗೆ ಮೊದಲ ವರ್ಷದ ಟೀಚರ್ ಕೆಲಸವೂ ಗಟ್ಟಿ. ಆ ಸಲ ಅವರು ನನ್ನನ್ನು ಕರೆದು, “ನೀನು ಬರಿ. ಕಲ್ಯಾಣಿಯಲ್ಲಿ ಬರಿ. ನನ್ನ ಕಲ್ಯಾಣಿ ಹೇಗಿರುತ್ತೆ ಅಂತ ಊರಿಗೆ ಇನ್ನೊಂದು ಸಲ ಗೊತ್ತಾಗಲಿ,” ಎಂದರು.

ಊರಿಗೆ ಆಗಲೇ ಚೆನ್ನಾಗಿ ಗೊತ್ತಿತ್ತು.

ಆರು ವಾರ ಕೂತು ಬರೆದೆ. ಕೀರ್ತನೆಗೆ ದೇವರನ್ನು ಕರೆಯಲಿಲ್ಲ. ನನಗೆ ಹುಟ್ಟಿದಾಗಿನಿಂದ ಚೆನ್ನಾಗಿ ಗೊತ್ತಿದ್ದದ್ದು ಅಪ್ಪನ ಅಂಗಡಿಯ ಕನ್ನಡಿ. ‘ಎಲ್ಲರ ಮುಖವ ತೋರುವ ಕನ್ನಡಿಯೇ, ನಿನ್ನ ಮುಖವ ನಿನಗೆ ತೋರುವರಾರೇ’ ಎಂಬುದು ಪಲ್ಲವಿ. ಅದಕ್ಕೆ ಕಲ್ಯಾಣಿಯನ್ನು ಹಾಕಿದೆ, ಆದರೆ ಎಲ್ಲೂ ನಿಷಾದವನ್ನು ಮುಟ್ಟಲಿಲ್ಲ. ಮುಳ್ಳು ತುಳಿಯದೆ ಬೇಲಿ ದಾಟುವ ಹಾಗೆ ಧೈವತದಿಂದ ಒಂದೇ ನೆಗೆತಕ್ಕೆ ಮೇಲಿನ ಷಡ್ಜಕ್ಕೆ ಹಾರಿಸಿದೆ, ಇಳಿಯುವಾಗಲೂ ಹಾಗೇ ಹಾರಿಸಿ ಇಳಿಸಿದೆ. ಅವರು ಇದನ್ನೇ ಹಾಡಿದರೆ ಕಚೇರಿಯಲ್ಲಿ ಒಬ್ಬರೂ ಬಿಕ್ಕುವುದಿಲ್ಲ, ಮರ್ಯಾದೆ ಉಳಿಯುತ್ತದೆ ಎಂಬುದು ಒಂದು ಲೆಕ್ಕ. ಅವರಿಗೆ ತಾನಾಗಿ ಗೊತ್ತಾಗಲಿ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ನನಗೆ ಬೇಕಿತ್ತು ಎಂದು ಆಗ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಅವರ ಕೋಣೆಯಲ್ಲಿ ಹಾಳೆಗಳನ್ನು ಕೊಟ್ಟು ನಿಂತೆ. ಅವರು ಕನ್ನಡಕ ಏರಿಸಿ ಮೊದಲ ಪುಟ ಓದಿದರು, ಎರಡನೆಯದು ಓದಿದರು, ಮತ್ತೆ ಮೊದಲನೆಯದಕ್ಕೆ ಬಂದರು.

“ನಿಷಾದ ಎಲ್ಲಮ್ಮ?”

“ಸಾರ್?”

“ಕಲ್ಯಾಣಿಗೆ ನಿಷಾದ ಮೂಗಿದ್ದ ಹಾಗೆ. ಅದನ್ನ ಕೊಯ್ದುಬಿಟ್ಟಿದ್ದೀಯ. ಇದು ಕಲ್ಯಾಣಿ ಅಲ್ಲ, ಶೂರ್ಪನಖಿ.”

“ಮರೆತುಹೋಯ್ತು ಸಾರ್.”

“ಮೂರು ಪುಟದಲ್ಲಿ ಒಂದು ಕಡೆನೂ ಬರದ ಹಾಗೆ ಮರೀಬೇಕಾದ್ರೆ ತುಂಬಾ ಜ್ಞಾಪಕಶಕ್ತಿ ಬೇಕು,” ಎಂದರು ಅವಧಾನಿಗಳು. ಆಮೇಲೆ ಪಲ್ಲವಿಯ ಮೇಲೆ ಬೆರಳಿಟ್ಟು ಅಲ್ಲೇ ನಿಲ್ಲಿಸಿದರು. ಅವರ ಬೆರಳು ‘ನಿನ್ನ ಮುಖವ’ ಎಂಬಲ್ಲಿತ್ತು. ಹೊರಗೆ ಮೊದಲ ವರ್ಷದ ಮಕ್ಕಳು ಹೊತ್ತಲ್ಲದ ಹೊತ್ತಿನಲ್ಲಿ ಹಾಡುತ್ತಿದ್ದರು. ನಿಷಾದ ಬಂತು, ನಾವಿಬ್ಬರೂ ಒಟ್ಟಿಗೇ ಬಿಕ್ಕಿದೆವು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟವನ್ನು ತಡೆಯಲಾರದೆ ನಾನು ನೆಲ ನೋಡಿದೆ.

“ಹೋಗು,” ಎಂದರು.

ಅಂದು ಶುಕ್ರವಾರವಲ್ಲ. ಆದರೂ ಅವರು ರಸ್ತೆ ದಾಟಿ ನೇರವಾಗಿ ಅಂಗಡಿಗೆ ಹೋದರು. ನಾನು ಹಿಂದೆಯೇ ಓಡಿದೆ. ಒಬ್ಬ ಗಿರಾಕಿ ಅರ್ಧ ಗಡ್ಡದಲ್ಲಿದ್ದ. ಅವಧಾನಿಗಳು ಅವನಿಗೆ, “ಸ್ವಲ್ಪ ಏಳಪ್ಪ,” ಎಂದು ಕುರ್ಚಿ ಖಾಲಿ ಮಾಡಿಸಿ ತಾವು ಕೂತರು. ಕತ್ತು ಹಿಂದಕ್ಕೆ ಚಾಚಿದರು.

“ತಿಮ್ಮರಾಯಪ್ಪ, ಕತ್ತಿ ಇಡು.”

“ಸ್ವಾಮಿ, ನಿನ್ನೆ ಮೊನ್ನೆ ತಾನೇ ಮಾಡಿದೀನಿ. ಗಡ್ಡ ಎಲ್ಲಿದೆ?”

“ಗಡ್ಡಕ್ಕಲ್ಲ. ಕತ್ತಿ ಕತ್ತಿನ ಮೇಲೆ ಇಡು. ನಾನು ನಿಷಾದ ಹಾಡ್ತೀನಿ. ನೀನು ಕೈ ತೆಗೀಬೇಡ.”

ಅಪ್ಪ ಕತ್ತಿ ತೆಗೆದುಕೊಂಡ. ಅವರ ಗಂಟಲ ಮೇಲೆ ಇಟ್ಟ. ಅವಧಾನಿಗಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ಅವರ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕತ್ತಿಯನ್ನು ಹಿಂದಕ್ಕೆ ಎಳೆದು, ಮಡಚಿ, ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿದ.

ಹಾಡಬೇಕಾಗಿಯೇ ಬರಲಿಲ್ಲ. ಅವಧಾನಿಗಳು ಕಣ್ಣು ತೆರೆದು ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದರು.

“ಎಷ್ಟು ದಿನದಿಂದ?”

“ಆಷಾಢದಿಂದ ಸ್ವಾಮಿ.”

“ಏಳು ತಿಂಗಳು! ಊರಿಗೆಲ್ಲ ಗೊತ್ತಾ?”

“ಪಕ್ಕದ ಊರಿನ ಬಸ್ ಕಂಡಕ್ಟರಿಗೂ ಗೊತ್ತು,” ಎಂದ ಅಪ್ಪ. ಸುಳ್ಳು ಹೇಳುವುದನ್ನು ಬಿಟ್ಟ ಮೇಲೆ ಅವನಿಗೆ ನಿಲ್ಲಿಸುವುದು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. “ದೇವಸ್ಥಾನದ ಅರ್ಚಕರು ನಿಮ್ಮನ್ನ ಕಂಡ್ರೆ ಬಾಯಿಗೆ ಕಲ್ಲುಸಕ್ಕರೆ ಹಾಕ್ಕೊಳ್ತಾರೆ. ನೀವು ಅದನ್ನ ಪ್ರಸಾದ ಅಂದ್ಕೊಂಡಿದ್ರಿ.”

ಅವಧಾನಿಗಳು ಏಳಲಿಲ್ಲ. ಅರ್ಧ ಗಡ್ಡದವನು ಮೂಲೆಯಲ್ಲಿ ಟವೆಲ್ ಹಿಡಿದು ನಿಂತೇ ಇದ್ದ. ಆಮೇಲೆ ಅವರು ಕೇಳಿದ್ದು ತಮ್ಮ ವಿಷಯವಲ್ಲ.

“ಆ ಹುಡುಗಿ ಬಸಲಿಂಗಿ, ಊರಿಗೆ ಹೋದಳಾ?”

“ಇಲ್ಲ ಸಾರ್,” ಎಂದೆ. “ಪೆಟ್ಟಿಗೆ ನನ್ನ ಹತ್ತಿರ ಇದೆ. ಕೊಟ್ಟಿಲ್ಲ.”

“ಕೊಡಬೇಡ.” ಅವರು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು, “ಕೀರ್ತನೆಗೆ ನಿಷಾದ ಹಾಕು. ಮುದುಕನ ಗಂಟಲಿಗೆ ಬರೀಬೇಡ, ನಿನ್ನ ಗಂಟಲಿಗೆ ಬರಿ. ಸಾಹಿತ್ಯ ಹಾಗೇ ಇರಲಿ,” ಎಂದರು.

ಅವರು ಕಚೇರಿ ರದ್ದು ಮಾಡುತ್ತಾರೆ ಎಂದುಕೊಂಡೆವು. ಮಾಡಲಿಲ್ಲ. ಅವರಿಗೆ ಗೊತ್ತಾಗಿದೆ ಎಂಬ ಸುದ್ದಿಯನ್ನು ಅಪ್ಪನೂ ನಾನೂ ಹೊರಗೆ ಬಿಡಲಿಲ್ಲ. ಅರ್ಧ ಗಡ್ಡದವನಿಗೆ ಅಪ್ಪ ಉಳಿದರ್ಧವನ್ನು ಬಿಟ್ಟಿಯಾಗಿ ಮಾಡಿ ಬಾಯಿ ಮುಚ್ಚಿಸಿದ. ಹಾಗಾಗಿ ಊರು ತನ್ನ ಕಡೆಯಿಂದ ತಯಾರಿ ನಡೆಸಿತು. ಕಚೇರಿಯ ದಿನ ಸಂಜೆ ಸಭಾಂಗಣದ ಬಾಗಿಲಲ್ಲಿ ಒಬ್ಬರು ಪನ್ನೀರು ಚಿಮುಕಿಸುತ್ತಿದ್ದರು, ಇನ್ನೊಬ್ಬರು ಕಲ್ಲುಸಕ್ಕರೆ ಕೊಡುತ್ತಿದ್ದರು. “ಎರಡು ತಗೊಳ್ಳಿ, ದೊಡ್ಡ ಆಲಾಪನೆ ಇದೆಯಂತೆ,” ಎಂದು ಪಿಸುಗುಟ್ಟುತ್ತಿದ್ದರು. ಎಂಟುನೂರು ಜನ ಕೂತಿದ್ದರು. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಯಾದ ಪುರಸಭೆಯ ಅಧ್ಯಕ್ಷರು ಶಾಲು ಹೊದ್ದು, ಹೊಟ್ಟೆಯ ಮೇಲೆ ಕೈ ಕಟ್ಟಿ ಕೂತಿದ್ದರು. ಅಪ್ಪ ಎರಡನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ತಾತ ನಾಗಸ್ವರ ಎಸೆದ ಮೇಲೆ ನಮ್ಮ ಮನೆಯ ಗಂಡಸೊಬ್ಬ ಕಚೇರಿಯೊಂದಕ್ಕೆ ಬಂದದ್ದು ಅದೇ ಮೊದಲು. ವೇದಿಕೆಯಲ್ಲಿ ಅವಧಾನಿಗಳ ಹಿಂದೆ ನಾನು ತಂಬೂರಿ ಹಿಡಿದಿದ್ದೆ, ಪಕ್ಕದಲ್ಲಿ ಪಿಟೀಲಿಗೆ ಫಿಲೋಮಿನಾ.

ಅವರು ಕಲ್ಯಾಣಿಯನ್ನು ಎತ್ತಿಕೊಂಡರು. ಅಂಥ ಕಲ್ಯಾಣಿಯನ್ನು ನಾನು ಆಮೇಲೆ ಕೇಳಿಲ್ಲ. ಅರ್ಧ ಗಂಟೆ ಕೆಳಗಿನ ಸ್ವರಗಳಲ್ಲೇ ಓಡಾಡಿದರು, ಹಿತ್ತಲಿನಲ್ಲಿ ಪ್ರತಿ ಗಿಡವನ್ನೂ ಮುಟ್ಟಿ ಮಾತಾಡಿಸುವ ಹಾಗೆ. ನಂತರ ಮೇಲಕ್ಕೆ ಹೊರಟರು. ಎಂಟುನೂರು ಕೈಗಳು ಎಂಟುನೂರು ಬಾಯಿಗಳಿಗೆ ಕಲ್ಲುಸಕ್ಕರೆ ಸೇರಿಸಿದವು. ಪಂಚಮ. ಧೈವತ. ನಿಷಾದ.

ಯಾರೂ ಬಿಕ್ಕಲಿಲ್ಲ. ಎಂಟುನೂರು ಜನರ ಕೆನ್ನೆ ಉಬ್ಬಿತು. ಅವಧಾನಿಗಳು ಒಂದು ಕ್ಷಣ ನಿಲ್ಲಿಸಿ ಸಭೆಯನ್ನು ನೋಡಿದರು. ಮತ್ತೆ ನಿಷಾದಕ್ಕೆ ಬಂದು ಅಲ್ಲೇ ನಿಂತರು. ಅಧ್ಯಕ್ಷರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮೂರನೆಯ ಸಲ ಬಂದಾಗ ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಸೆರಗನ್ನು ಬಾಯಿಗೆ ತುರುಕಿಕೊಂಡು ಎದ್ದು ಹೊರಗೆ ಓಡಿದಳು.

ಅವಧಾನಿಗಳು ಹಾಡು ನಿಲ್ಲಿಸಿದರು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನು ಎತ್ತಿದರು.

“ಸಾಕು ಕಣ್ರಪ್ಪ,” ಎಂದರು. “ಏಳು ತಿಂಗಳಿಂದ ನನ್ನ ಮರ್ಯಾದೆಗೆ ನೀವು ಉಸಿರು ಕಟ್ಟಿಕೊಂಡು ಬದುಕ್ತಿದೀರಿ. ನಲವತ್ತು ವರ್ಷ ನೀವು ಸುಮ್ಮನಿದ್ದಿದ್ದು ನಾನು ಸರಿಯಾಗಿ ಹಾಡ್ತಿದ್ದೆ ಅಂತ. ಈಗ ಸುಮ್ಮನಿರೋದು ಸರಿ ಹಾಡ್ತಿಲ್ಲ ಅಂತ. ನನಗೆ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ನನ್ನ ತಪ್ಪು ನನಗೆ ಕೇಳಿಸೋದಿಲ್ಲ. ನಿಮ್ಮಿಂದಲೇ ಕೇಳಬೇಕು. ದಯವಿಟ್ಟು ಬಿಕ್ಕಿ.”

ಅವರು ಮತ್ತೊಮ್ಮೆ ನಿಷಾದ ಹಾಡಿದರು. ಎರಡನೆಯ ಸಾಲಿನಲ್ಲಿ ನಮ್ಮಪ್ಪ ಎದ್ದು ನಿಂತ, ಬಾಯಲ್ಲಿದ್ದ ಕಲ್ಲುಸಕ್ಕರೆಯನ್ನು ಕೈಗೆ ಉಗಿದುಕೊಂಡ, ಸಭಾಂಗಣದ ಹೆಂಚು ಅದುರುವಂತೆ ಬಿಕ್ಕಿದ.

ಅಷ್ಟೇ ಬೇಕಾಗಿದ್ದದ್ದು. ಅಧ್ಯಕ್ಷರು ಬಿಕ್ಕಿದ ಹೊಡೆತಕ್ಕೆ ಅವರ ಶಾಲು ನೆಲಕ್ಕೆ ಬಿತ್ತು. ಅರ್ಚಕರು, ಹಲ್ಲಿನ ಡಾಕ್ಟರು, ತರಕಾರಿಯವಳು, ಅರ್ಧ ಗಡ್ಡದವನು, ಎಂಟುನೂರು ಜನ ಏಳು ತಿಂಗಳ ಬಾಕಿಯನ್ನೆಲ್ಲ ಒಟ್ಟಿಗೆ ಬಿಟ್ಟರು. ಮೃದಂಗದವರು ಬಿಕ್ಕುತ್ತಲೇ ಅದಕ್ಕೊಂದು ಮುಕ್ತಾಯ ನುಡಿಸಿದರು. ಯಾರೋ ನಕ್ಕರು, ಆಮೇಲೆ ಯಾರು ನಗುತ್ತಿದ್ದಾರೆ ಯಾರು ಬಿಕ್ಕುತ್ತಿದ್ದಾರೆ ಎಂದು ಹೇಳುವಂತಿರಲಿಲ್ಲ. ಅವಧಾನಿಗಳು ಕಿವಿಗೆ ಕೈ ಆನಿಸಿ ಕೇಳುತ್ತಿದ್ದರು. ಅವರ ಕಣ್ಣಿನಲ್ಲಿ ನೀರು ಬಂದಿತ್ತು. ಆದರೆ ಅವರೂ ನಗುತ್ತಿದ್ದರು. ಹಿಂದಕ್ಕೆ ತಿರುಗಿ ನನಗೆ ಮಾತ್ರ ಕೇಳುವಂತೆ, “ಇಷ್ಟು ಜೋರಾಗಿ ಜನ ನನಗೆ ಯಾವತ್ತೂ ಚಪ್ಪಾಳೆ ಹೊಡೆದಿರಲಿಲ್ಲ ಕಣೇ,” ಎಂದರು.

ಗದ್ದಲ ಇಳಿದ ಮೇಲೆ ಅವರು ತಂಬೂರಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. “ಈಗ ಸರಿಯಾದ ನಿಷಾದ ಕೇಳಿ,” ಎಂದು ಸಭೆಗೆ ಹೇಳಿ ನನ್ನನ್ನು ಮುಂದಕ್ಕೆ ಕೂರಿಸಿದರು. ನಾನು ಕನ್ನಡಿಯ ಕೀರ್ತನೆ ಹಾಡಿದೆ. ಪಲ್ಲವಿ ದಾಟಿತು, ಅನುಪಲ್ಲವಿ ದಾಟಿತು. ಚರಣದ ಕೊನೆಯಲ್ಲಿ ಉಸಿರು ಸಾಲದೆ ಮಧ್ಯಮ ಒಂದಿಷ್ಟು ಜಾರಿತು. ಸಭೆಯಲ್ಲಿ ಪ್ರಾಮಾಣಿಕವಾದ ಬಿಕ್ಕಳಿಕೆಯೊಂದು ಎದ್ದು ಇಳಿಯಿತು. ನನ್ನ ಬೆನ್ನ ಹಿಂದೆ ಅವಧಾನಿಗಳೂ ಬಿಕ್ಕಿದರು, ಮುಚ್ಚಿಡಲಿಲ್ಲ. ಹಾಡು ಮುಗಿದ ಮೇಲೆ ಅವರು ಏನೂ ಅನ್ನಲಿಲ್ಲ.

ಮಾರನೆಯ ದಿನ ಅವರು ರಾಜೀನಾಮೆ ಬರೆದರು. ಅದಕ್ಕೆ ಮುಂಚೆ ಮೊದಲ ವರ್ಷದ ತರಗತಿಗೆ ಹೋಗಿ, ಬಸಲಿಂಗಿಯನ್ನು ಹಾಸ್ಟೆಲಿನಿಂದ ಕರೆಸಿ ನಿಲ್ಲಿಸಿ, ಎಲ್ಲರ ಎದುರಿಗೆ, “ತಪ್ಪು ನಂದಮ್ಮ, ನಿನ್ನ ಕಿವೀದಲ್ಲ,” ಎಂದರಂತೆ. ಆ ಹುಡುಗಿ ಪೆಟ್ಟಿಗೆ ವಾಪಸು ಕೇಳಲು ನನ್ನ ಬಳಿ ಬಂದದ್ದು ಅದನ್ನು ಹಾಸ್ಟೆಲಿನ ತನ್ನ ಮಂಚದಡಿಗೆ ಸೇರಿಸಲು ಮಾತ್ರ. ನನ್ನ ಕೀರ್ತನೆಯನ್ನು ಪ್ರಿನ್ಸಿಪಾಲರು ಹಾಡಲಿಲ್ಲವಾದ್ದರಿಂದ ಸಂಪ್ರದಾಯದ ಪ್ರಕಾರ ನನಗೆ ಕೆಲಸ ಕೊಡಬಹುದೋ ಬಾರದೋ ಎಂದು ಆಡಳಿತ ಮಂಡಳಿ ಮೂರು ಸಭೆ ಸೇರಿ, ಮೂರರಲ್ಲೂ ಬೋಂಡಾ ತಿಂದು, ಕೊನೆಗೆ ಕೊಟ್ಟಿತು.

ಜೂನ್‌ನಲ್ಲಿ ಹೊಸ ಪ್ರವೇಶ ಶುರುವಾಯಿತು. ಒಂದು ಬೆಳಿಗ್ಗೆ ಗುಮಾಸ್ತರಾದ ಬೋರಯ್ಯನವರು ಏದುಸಿರು ಬಿಡುತ್ತಾ ನನ್ನ ಬಳಿ ಬಂದರು.

“ಮೇಡಂ, ಅವಧಾನಿಗಳು ಬಂದವ್ರೆ. ಮೊದಲನೇ ವರ್ಷಕ್ಕೆ ಅರ್ಜಿ ಕೊಡಿ ಅಂತಾವ್ರೆ.”

“ಯಾರಿಗೆ? ಮೊಮ್ಮಕ್ಕಳಿಗಾ?”

“ಅವರಿಗೇ! ವಯಸ್ಸಿನ ಮಿತಿ ಇದೆಯಾ ಅಂತ ಕೇಳಿದ್ರು. ನಿಯಮ ಬರೆದವರು ಅವರೇ, ಮಿತಿ ಹಾಕೋದೇ ಮರೆತವ್ರೆ. ಹಿಂದಿನ ಸಂಗೀತಾಭ್ಯಾಸ ಅನ್ನೋ ಜಾಗದಲ್ಲಿ ‘ಸ್ವಲ್ಪ’ ಅಂತ ಬರೆದವ್ರೆ. ಏನ್ ಮಾಡ್ಲಿ?”

ನಾನು ಕಿಟಕಿಯಿಂದ ನೋಡಿದೆ. ಸಾಲಿನಲ್ಲಿ ಹದಿನಾರು ಹದಿನೇಳರ ಮಕ್ಕಳ ನಡುವೆ ಅವರು ಅರ್ಜಿ ಹಿಡಿದು ನಿಂತಿದ್ದರು. ಮುಂದಿನ ಹುಡುಗ ಪೆನ್ನು ಕೇಳಿದ, ಅವರು ಕೊಟ್ಟರು. “ತಗೊಳ್ಳಿ,” ಎಂದೆ.

ಮೊದಲ ದಿನ ಏಳು ಗಂಟೆಗೆ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೋದೆ. ಅವರು ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ, ಗೋಡೆಗೆ ಒರಗದೆ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಒಂದೊಂದೇ ಹೆಸರು ಕರೆಯುತ್ತಾ ಬಂದೆ. ಮೂವತ್ತು ಜನ ಹಾಜರ್ ಅಂದರು. ಮೂವತ್ತೊಂದನೆಯ ಹೆಸರಿಗೆ ಬಂದಾಗ ನಾಲಿಗೆ ತಿರುಗಲಿಲ್ಲ.

“ಶ್ರೀಕಂಠ ಅವಧಾನಿಗಳು,” ಎಂದೆ ಕೊನೆಗೂ.

ಅವರು ಕೈ ಎತ್ತಿದರು. “ಟೀಚರ್, ಪುಸ್ತಕದಲ್ಲಿ ‘ಗಳು’ ಇಲ್ಲ. ಇದ್ದ ಹಾಗೆ ಓದಿ.”

ಇದ್ದ ಹಾಗೆ ಓದಿದೆ.

“ಹಾಜರ್,” ಎಂದರು ಅವರು, ಹೊಸ ನೋಟ್‌ಬುಕ್ಕಿನ ಮೊದಲ ಪುಟ ಬಿಡಿಸುತ್ತಾ. ನಾನು ಶ್ರುತಿ ಹಿಡಿದೆ. ಮೂವತ್ತೊಂದು ಗಂಟಲುಗಳು ಒಟ್ಟಿಗೆ ತೆರೆದವು, ಹೊರಗೆ ಪೇಟೆಯ ಉದ್ದಕ್ಕೂ ಊರು ಬಿಕ್ಕತೊಡಗಿತು.